ದೊಡ್ಡ ಚೈನ್ ಅಂಗಡಿಗಳು ಯಾಕೆ ಮುಚ್ಚುತ್ತವೆ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಪೇಟೆಗಳಲ್ಲಿ ಅಂಗಡಿ ಇಟ್ಟವರು, ಚೈನ್ ಅಂಗಡಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರು, ಕಾಫಿ ಪುಡಿ, ಜೇನು, ಮಸಾಲೆ ಸರಬರಾಜು ಮಾಡುವವರು ಮತ್ತು ಸಾಮಾನು ಕೊಳ್ಳಲು ಹೋಗುವವರು ಮಾತಿನ ನಡುವೆ, ಕಾಗದದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ‘ಅಂಗಡಿಯ ಲೆಕ್ಕ’ ಭಾಗದ ಮೊತ್ತಗಳು ವಿವರಣೆಗಾಗಿ ಹಾಕಿಕೊಂಡವು. ನಿಮ್ಮ ಅಂಗಡಿಯ ಅಂಕಿ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ಡಿಪಾರ್ಟ್‌ಮೆಂಟ್ ಸ್ಟೋರ್, ಡಿಸ್ಕೌಂಟ್ ಸ್ಟೋರ್, ಸೂಪರ್‌ಮಾರ್ಕೆಟ್ ಎಲ್ಲಾ ಒಂದೇ ಅಲ್ವಾ?

ಅಲ್ಲ. ಬಟ್ಟೆ, ಚಪ್ಪಲಿ, ಪಾತ್ರೆ, ಸೌಂದರ್ಯ ಸಾಮಗ್ರಿ ಹೀಗೆ ಒಂದೊಂದಕ್ಕೂ ಬೇರೆ ವಿಭಾಗ, ಬೇರೆ ಸಿಬ್ಬಂದಿ ಇರುವುದು ಡಿಪಾರ್ಟ್‌ಮೆಂಟ್ ಸ್ಟೋರ್. ಪ್ಯಾರಿಸ್ಸಿನ ಬಾನ್ ಮಾರ್ಶೆ ಅಂಗಡಿಯನ್ನು 1852ರಿಂದ ಬೆಳೆಸಿದ ಅರಿಸ್ಟೀಡ್ ಬೂಸಿಕೋ ಚೌಕಾಸಿ ಬಿಟ್ಟು ಬೆಲೆಚೀಟಿ ಅಂಟಿಸಿದ್ದು, ಬೇಡವಾದ ಸರಕು ವಾಪಸ್ ತೆಗೆದುಕೊಂಡಿದ್ದು ಈ ಪದ್ಧತಿಗೆ ಅಡಿಪಾಯ ಹಾಕಿತು. ಇಲ್ಲಿ ಲಾಭಾಂಶ, ಅಂದರೆ ಮಾರಿದ ಬೆಲೆಯಲ್ಲಿ ಅಸಲು ಕಳೆದು ಉಳಿಯುವುದು, ಹೆಚ್ಚು, ಸರಕು ಖಾಲಿಯಾಗುವುದು ನಿಧಾನ. ಡಿಸ್ಕೌಂಟ್ ಸ್ಟೋರ್ ಇದಕ್ಕೆ ತದ್ವಿರುದ್ಧ: ಸಿಬ್ಬಂದಿ ಕಡಿಮೆ, ಲಾಭಾಂಶ ತೆಳು, ಸರಕು ಬೇಗ ಬೇಗ ತಿರುಗಬೇಕು. ಸೂಪರ್‌ಮಾರ್ಕೆಟ್ ಮುಖ್ಯವಾಗಿ ದಿನಸಿಯದು. ನಮ್ಮ ಪೇಟೆಗಳಲ್ಲಿ ‘ಡಿಪಾರ್ಟ್‌ಮೆಂಟಲ್ ಸ್ಟೋರ್’ ಎಂದು ಬೋರ್ಡ್ ಹಾಕಿಕೊಂಡ ಬಹುಪಾಲು ಅಂಗಡಿಗಳು ಅಸಲಿಗೆ ದಿನಸಿ ಸೂಪರ್‌ಮಾರ್ಕೆಟ್‌ಗಳೇ.

ಈ ಭೇದ ತಿಳಿದಿರಬೇಕು, ಯಾಕೆಂದರೆ ಒಂದೊಂದು ಬೀಳುವ ಬಗೆಯೂ ಬೇರೆ. ಡಿಪಾರ್ಟ್‌ಮೆಂಟ್ ಸ್ಟೋರನ್ನು ಮಾರಾಟವಾಗದೆ ಉಳಿದ ಸರಕು ಕೊಲ್ಲುತ್ತದೆ. ಡಿಸ್ಕೌಂಟ್ ಸ್ಟೋರನ್ನು ತನಗಿಂತ ಕಡಿಮೆ ಖರ್ಚಿನಲ್ಲಿ ಅಂಗಡಿ ನಡೆಸಬಲ್ಲ ಇನ್ನೊಬ್ಬ ಕೊಲ್ಲುತ್ತಾನೆ.

ಅಮೆರಿಕದಲ್ಲಿ ಸಿಯರ್ಸ್ ಮುಚ್ಚಿದರೆ ಮಡಿಕೇರಿಯವರಿಗೆ ಏನಾಗಬೇಕು?

ಸಿಯರ್ಸ್ ಅಲ್ಲಿನ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಚೈನ್. ಅಂಗಡಿ ಬೀಳುವ ಲೆಕ್ಕ ಎಲ್ಲ ಕಡೆಯೂ ಒಂದೇ. ಅಮೆರಿಕದ ಡಿಸ್ಕೌಂಟ್ ಚೈನ್‌ಗಳಾದ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ 1962ರಲ್ಲಿ ಶುರುವಾದವು. ಅದೇ ವರ್ಷ ಭಾರತ ಸರ್ಕಾರ ಗ್ರಾಹಕರ ಸಹಕಾರಿ ಮಳಿಗೆಗಳನ್ನು ಬೆಳೆಸುವ ಯೋಜನೆ ತಂದಿತು. ನಮ್ಮ ಜನತಾ ಬಜಾರ್‌ಗಳು ಆ ಅಲೆಯ ಕೂಸುಗಳು. ಸಕ್ಕರೆ, ಸೀಮೆಎಣ್ಣೆ, ಬಟ್ಟೆಗೆ ಅಭಾವವಿದ್ದ ಕಾಲದಲ್ಲಿ ನ್ಯಾಯಬೆಲೆಗೆ ಸಿಗುವುದೇ ಅವುಗಳ ಬಲವಾಗಿತ್ತು. ಅಭಾವ ಹೋಯಿತು, ಬಲವೂ ಹೋಯಿತು. ಕೆಮಾರ್ಟ್‌ಗೂ ಆದದ್ದು ಇಂಥದ್ದೇ: ಅಗ್ಗ ಎಂಬ ಒಂದೇ ಬಲವಿತ್ತು, ಅದನ್ನು ಬೇರೆಯವರು ಇನ್ನೂ ಚೆನ್ನಾಗಿ ಮಾಡಿದರು.

ಆನ್‌ಲೈನ್ ಬಂದಿದ್ದಕ್ಕೇ ಇವೆಲ್ಲ ಮುಚ್ಚಿದ್ದು, ಅಲ್ವಾ?

ಎಲ್ಲರೂ ಹೇಳುವುದು ಇದನ್ನೇ, ಆದರೆ ಇಸವಿಗಳು ಒಪ್ಪುವುದಿಲ್ಲ. ಕೆಮಾರ್ಟ್ ದಿವಾಳಿ ಅರ್ಜಿ ಹಾಕಿದ್ದು 2002ರ ಜನವರಿಯಲ್ಲಿ. ಆಗ ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಶೇ 2ಕ್ಕಿಂತ ಕಡಿಮೆ. ನಮ್ಮಲ್ಲಿ ಸುಭಿಕ್ಷಾ ಎಂಬ ಅಗ್ಗದ ದರದ ಚೈನ್ ಕುಸಿದದ್ದು 2009ರಲ್ಲಿ. 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಆಗಿನ್ನೂ ಪುಸ್ತಕ ಮಾರುತ್ತಿತ್ತು.

ಆನ್‌ಲೈನ್ ಮಾಡಿದ ಹಾನಿ ಬೇರೆ ಥರದ್ದು. ಅದು ಮೊದಲು ಕಿತ್ತುಕೊಂಡದ್ದು ಹೆಚ್ಚು ಲಾಭಾಂಶದ ಸರಕನ್ನು: ಆಟಿಕೆ, ಬಟ್ಟೆ, ಮಿಕ್ಸರ್, ಮೊಬೈಲು. ಅಂಗಡಿಗೆ ಉಳಿದದ್ದು ಅಕ್ಕಿ, ಎಣ್ಣೆ, ಸೋಪು. ಬಾಡಿಗೆ ಮಾತ್ರ ಅಷ್ಟೇ ಇತ್ತು. ಸಾಲವಿಲ್ಲದ ಅಂಗಡಿ ಇದನ್ನು ತಡೆದುಕೊಂಡಿತು, ಸಾಲದಲ್ಲಿ ಮುಳುಗಿದ್ದ ಅಂಗಡಿಗೆ ಅದೇ ಕೊನೆಯ ಪೆಟ್ಟಾಯಿತು.

## ಬಿದ್ದವರು, ನಿಂತವರು

ಸಿಯರ್ಸ್ ಅಷ್ಟು ದೊಡ್ಡ ಕಂಪನಿ, ಹೇಗೆ ಬಿತ್ತು?

1886ರಲ್ಲಿ ರಿಚರ್ಡ್ ಸಿಯರ್ಸ್ ಕೈಗಡಿಯಾರ ಮಾರುವುದರಿಂದ ಶುರುಮಾಡಿದ ವ್ಯಾಪಾರ ಅದು. ದಪ್ಪ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಆರ್ಡರ್ ಮಾಡಿದರೆ ಹಳ್ಳಿಯ ಮನೆಗೂ ಸಾಮಾನು ಬರುತ್ತಿತ್ತು. 1925ರಲ್ಲಿ ಮೊದಲ ಅಂಗಡಿ ತೆರೆಯಿತು, 1970ರ ದಶಕದಲ್ಲಿ ಷಿಕಾಗೊದಲ್ಲಿ 110 ಅಂತಸ್ತಿನ ಕಟ್ಟಡ ಎಬ್ಬಿಸಿತು. ಮನೆಗೇ ಸರಕು ತಲುಪಿಸುವ ಆ ದೊಡ್ಡ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಮರುವರ್ಷವೇ ಅಮೆಜಾನ್ ಹುಟ್ಟಿತು.

ನಿಜವಾದ ಕುಸಿತ 2005ರ ನಂತರದ್ದು. ದಿವಾಳಿಯಿಂದ ಎದ್ದುಬಂದ ಕೆಮಾರ್ಟನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ ಆ ವರ್ಷ ಸಿಯರ್ಸನ್ನೂ ಸೇರಿಸಿ ಒಂದೇ ಕಂಪನಿ ಮಾಡಿದರು. ಆಗ ಎರಡೂ ಸೇರಿ ಸುಮಾರು 3,500 ಅಂಗಡಿಗಳು. ಮುಂದಿನ ವರ್ಷಗಳಲ್ಲಿ ಸ್ವಂತ ಷೇರುಗಳನ್ನೇ ಮರಳಿ ಕೊಳ್ಳಲು ಸುಮಾರು 600 ಕೋಟಿ ಡಾಲರ್ ಹೋಯಿತು. ಅಂಗಡಿಯ ನೆಲ, ದೀಪ, ಕಪಾಟಿಗೆ ಖರ್ಚು ಮಾಡುವುದು ನಿಂತಿತು. 2015ರಲ್ಲಿ 235 ಆಸ್ತಿಗಳನ್ನು 270 ಕೋಟಿ ಡಾಲರಿಗೆ ಸೆರಿಟೇಜ್ ಎಂಬ ಕಂಪನಿಗೆ ಮಾರಿ, ಅಂಥ ಕಟ್ಟಡಗಳಲ್ಲೇ ಬಾಡಿಗೆಗೆ ಕುಳಿತರು. 2017ರಲ್ಲಿ ಕ್ರಾಫ್ಟ್ಸ್‌ಮನ್ ಎಂಬ ಹೆಸರುವಾಸಿ ಉಪಕರಣ ಬ್ರ್ಯಾಂಡೂ ಮಾರಾಟವಾಯಿತು. 2018ರ ಅಕ್ಟೋಬರ್ 15ರಂದು ದಿವಾಳಿ ಅರ್ಜಿ ಹಾಕುವಾಗ ಉಳಿದಿದ್ದವು 700ರಷ್ಟು ಅಂಗಡಿ.

ತೋಟ ಇಟ್ಟುಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊಬ್ಬರ ಹಾಕದೆ, ಕಸಿ ಮಾಡದೆ, ನೆರಳಿನ ಮರ ಕಡಿದು ಮಾರಿದರೆ ಮೂರು ನಾಲ್ಕು ವರ್ಷ ಕೈಯಲ್ಲಿ ಕಾಸು ಓಡಾಡುತ್ತದೆ. ಆಮೇಲೆ ಗಿಡವೇ ಇರುವುದಿಲ್ಲ.

ಕೆಮಾರ್ಟ್, ವಾಲ್‌ಮಾರ್ಟ್ ಒಂದೇ ವರ್ಷ ಶುರುವಾದವು ಅಂತೀರಿ. ಒಂದು ಯಾಕೆ ಉಳೀತು?

ಸರಕು ಓಡಾಡುವ ದಾರಿಯಿಂದ. ವಾಲ್‌ಮಾರ್ಟ್ ಮೊದಲು ಗೋದಾಮು ಕಟ್ಟಿ, ಅದರಿಂದ ಒಂದು ದಿನದ ಲಾರಿ ಪ್ರಯಾಣದೊಳಗೆ ಅಂಗಡಿಗಳನ್ನು ತೆರೆಯಿತು. 1987ರ ಹೊತ್ತಿಗೆ ಅಂಗಡಿ, ಗೋದಾಮುಗಳನ್ನೆಲ್ಲ ಸ್ವಂತ ಉಪಗ್ರಹ ಸಂಪರ್ಕದಿಂದ ಜೋಡಿಸಿತ್ತು. ಯಾವ ಊರಲ್ಲಿ ಯಾವ ಸೋಪು ಖಾಲಿಯಾಯಿತೆಂದು ಕೇಂದ್ರ ಕಚೇರಿಗೆ ಅಂದೇ ಗೊತ್ತಾಗುತ್ತಿತ್ತು. ಅದೇ ಕಾಲದಲ್ಲಿ ಕೆಮಾರ್ಟ್ ಪುಸ್ತಕದಂಗಡಿ, ಆಫೀಸ್ ಸಾಮಗ್ರಿ, ಕ್ರೀಡಾ ಸಾಮಗ್ರಿ ಕಂಪನಿಗಳನ್ನು ಕೊಳ್ಳುವುದರಲ್ಲಿ ಹಣ ಹಾಕಿತು. ಜಾಹೀರಾತು ನೋಡಿ ಬಂದ ಗಿರಾಕಿಗೆ ಕಪಾಟಿನಲ್ಲಿ ಆ ಸರಕೇ ಇರುತ್ತಿರಲಿಲ್ಲ. ಎರಡು ಸಲ ಹೀಗಾದರೆ ಮೂರನೇ ಸಲ ಯಾರೂ ಬರುವುದಿಲ್ಲ. ಅಮೆರಿಕದ ಮುಖ್ಯಭೂಮಿಯಲ್ಲಿದ್ದ ಕೊನೆಯ ಪೂರ್ಣಗಾತ್ರದ ಕೆಮಾರ್ಟ್ 2024ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು.

ಸ್ವಂತ ಕಟ್ಟಡ ಮಾರಿ ಬಾಡಿಗೆಗೆ ಕೂತರೆ ತಪ್ಪೇನು? ಕೈಗೆ ಹಣ ಬರುತ್ತಲ್ಲ?

ಬರುವುದು ಒಂದು ಸಲ, ಬಾಡಿಗೆ ಹೋಗುವುದು ಪ್ರತಿ ತಿಂಗಳು. ಬ್ರಿಟನ್ನಿನ ವುಲ್‌ವರ್ತ್ಸ್‌ನ 182 ಕಟ್ಟಡಗಳನ್ನು 2001ರಲ್ಲಿ ಹೀಗೆಯೇ ಮಾರಲಾಯಿತು. ಹಣ ಮಾತೃ ಕಂಪನಿಗೆ ಹೋಯಿತು, ಬಾಡಿಗೆ ಹೊರೆ ಅಂಗಡಿಗಳ ಮೇಲೆ ಬಿತ್ತು. 2009ರ ಜನವರಿ 6ರ ಹೊತ್ತಿಗೆ 807 ಅಂಗಡಿಗಳೂ ಮುಚ್ಚಿದ್ದವು. ಸಾಲದ ಬಡ್ಡಿ ಇದೇ ಕೆಲಸ ಮಾಡುತ್ತದೆ. ಆಟಿಕೆ ಮಾರುವ ಟಾಯ್ಸ್ ಆರ್ ಅಸ್ ಕಂಪನಿಯನ್ನು 2005ರಲ್ಲಿ 660 ಕೋಟಿ ಡಾಲರಿಗೆ, ಹೆಚ್ಚಾಗಿ ಸಾಲ ಮಾಡಿ, ಕೊಂಡವರು ಆ ಸಾಲವನ್ನು ಕಂಪನಿಯ ತಲೆಗೇ ಕಟ್ಟಿದರು. 2017ರಲ್ಲಿ ಅದು ದಿವಾಳಿಯಾಯಿತು.

ಸುಭಿಕ್ಷಾ ಅಷ್ಟು ಅಗ್ಗಕ್ಕೆ ಕೊಡ್ತಿತ್ತು. ಜನ ಇಷ್ಟಪಟ್ಟರೂ ಯಾಕೆ ಮುಳುಗಿತು?

1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾದ ಮೂಲ ಯೋಜನೆ ಗಟ್ಟಿಯಾಗಿತ್ತು. ಎಸಿ ಇಲ್ಲದ ಸಣ್ಣ ಮಳಿಗೆ, ಮುಖ್ಯರಸ್ತೆಯ ಬದಲು ಒಳರಸ್ತೆಯ ಕಡಿಮೆ ಬಾಡಿಗೆ, ಕಂಪನಿಗಳಿಗೆ ತಕ್ಷಣ ಹಣ ಕೊಟ್ಟು ಪಡೆದ ರಿಯಾಯಿತಿ. ಆ ರಿಯಾಯಿತಿಯೇ ಗಿರಾಕಿಗೆ ದಾಟುತ್ತಿತ್ತು. ಮೊದಲ ಕೆಲವು ವರ್ಷ ತಮಿಳುನಾಡಿನಲ್ಲೇ ಇದ್ದ ಚೈನ್ ಆಮೇಲೆ ದೇಶದ ತುಂಬ ಹರಡಿ 2008ರ ಹೊತ್ತಿಗೆ ಸುಮಾರು 1,600 ಅಂಗಡಿಗಳಾದವು. ಬೆಳೆದದ್ದು ಹೆಚ್ಚಾಗಿ ಸಾಲದಿಂದ. 2008ರ ಕೊನೆಯಲ್ಲಿ ಜಗತ್ತಿನಾದ್ಯಂತ ಹಣದ ಹರಿವು ನಿಂತಾಗ ಹೊಸ ಸಾಲ ಹುಟ್ಟಲಿಲ್ಲ. ತಕ್ಷಣ ಹಣ ಕೊಡಲಾಗದ ಮೇಲೆ ರಿಯಾಯಿತಿ ಇಲ್ಲ, ರಿಯಾಯಿತಿ ಇಲ್ಲದ ಮೇಲೆ ಗಿರಾಕಿಗೆ ಅಲ್ಲಿಗೆ ಬರಲು ಕಾರಣವೇ ಇಲ್ಲ. ಕೆಲವೇ ತಿಂಗಳಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದವು.

ಮೈಸೂರಿಗೆ ಹೋದಾಗ ಬಿಗ್ ಬಜಾರ್‌ಗೆ ಹೋಗ್ತಿದ್ವಿ. ಬೋರ್ಡೇ ಬದಲಾಯ್ತಲ್ಲ, ಏನಾಯ್ತು?

2001ರಲ್ಲಿ ಶುರುವಾದ ಬಿಗ್ ಬಜಾರ್ ಕಿಶೋರ್ ಬಿಯಾನಿಯವರ ಫ್ಯೂಚರ್ ಗುಂಪಿನದು. ಸಾಲ ಮೊದಲೇ ಭಾರವಾಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಬಟ್ಟೆ ಮಾರಾಟ ನಿಂತಿತು. ಆ ಆಗಸ್ಟ್‌ನಲ್ಲಿ ರಿಲಯನ್ಸ್‌ಗೆ 24,713 ಕೋಟಿ ರೂಪಾಯಿಗೆ ವ್ಯಾಪಾರ ಮಾರುವ ಒಪ್ಪಂದವಾಯಿತು. 2019ರಲ್ಲಿ ಗುಂಪಿನ ಇನ್ನೊಂದು ಕಂಪನಿಯಲ್ಲಿ ಹಣ ಹಾಕಿದ್ದ ಅಮೆಜಾನ್ ತಕರಾರು ತೆಗೆದು ಕೋರ್ಟಿಗೆ ಹೋಯಿತು. ವ್ಯಾಜ್ಯ ನಡೆಯುತ್ತಿರುವಾಗಲೇ ಬಾಡಿಗೆ ಬಾಕಿ ಏರಿತು. ಅನೇಕ ಕಟ್ಟಡ ಮಾಲೀಕರ ಜೊತೆ ರಿಲಯನ್ಸ್ ತಾನೇ ಕರಾರು ಮಾಡಿಕೊಂಡು ಜಾಗವನ್ನು ಫ್ಯೂಚರ್‌ಗೆ ಒಳಬಾಡಿಗೆಗೆ ಕೊಟ್ಟಿತು. 2022ರ ಫೆಬ್ರುವರಿಯಲ್ಲಿ ಆ ಜಾಗಗಳನ್ನು ವಶಕ್ಕೆ ತೆಗೆದುಕೊಂಡಿತು. ಕಾಗದದ ಒಪ್ಪಂದ ಏಪ್ರಿಲ್‌ನಲ್ಲಿ ಮುರಿದುಬಿತ್ತು, ಜುಲೈಯಲ್ಲಿ ಫ್ಯೂಚರ್ ರೀಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕೊನೆಗೆ ಎಲ್ಲವನ್ನೂ ತೀರ್ಮಾನಿಸಿದ್ದು ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ ಎಂಬುದು.

ಹಾಗಾದ್ರೆ ಡಿಮಾರ್ಟ್ ಹೇಗೆ ನಡೀತಿದೆ?

ನಿಧಾನವಾಗಿ ಬೆಳೆದು. 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಶುರುವಾದ ಡಿಮಾರ್ಟ್ 2017ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬರುವಾಗ ಅದರ ಅಂಗಡಿಗಳು 131. ಸುಭಿಕ್ಷಾ 11 ವರ್ಷದಲ್ಲಿ 1,600, ಇವರು 15 ವರ್ಷದಲ್ಲಿ 131. ಕಟ್ಟಡಗಳು ಹೆಚ್ಚಾಗಿ ಸ್ವಂತದ್ದು ಅಥವಾ ದೀರ್ಘಾವಧಿ ಗುತ್ತಿಗೆಯದು. ಸರಬರಾಜುದಾರರಿಗೆ ಬೇಗ ಹಣ ಕೊಡುತ್ತಾರೆ, ಹೀಗಾಗಿ ಖರೀದಿ ದರ ಇಳಿಯುತ್ತದೆ. ಬೇಗ ಖಾಲಿಯಾಗುವ ಸರಕನ್ನಷ್ಟೇ ಇಡುತ್ತಾರೆ. ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ವಿರಾಜಪೇಟೆಯ ಹಳೇ ಮಂಡಿ ವ್ಯಾಪಾರಿಯೂ ಇದೇ ಲೆಕ್ಕದಲ್ಲಿ ಬದುಕುತ್ತಾನೆ.

## ಅಂಗಡಿಯ ಲೆಕ್ಕ

ಅಂಗಡಿ ತುಂಬ ಜನ ಇರ್ತಾರೆ. ಆದ್ರೂ ನಷ್ಟ ಅಂತಾರಲ್ಲ, ಹೇಗೆ?

10,000 ಚದರಡಿಯ ಮಳಿಗೆ ಎಂದುಕೊಳ್ಳಿ. ಚದರಡಿಗೆ 40 ರೂಪಾಯಿಯಂತೆ ಬಾಡಿಗೆ ತಿಂಗಳಿಗೆ 4 ಲಕ್ಷ. ಸಂಬಳ 3 ಲಕ್ಷ, ಕರೆಂಟು ಮತ್ತು ಜನರೇಟರ್ 1 ಲಕ್ಷ, ಹಾಳಾದದ್ದು, ಕಳವು, ಇತರೆ 1 ಲಕ್ಷ. ಒಟ್ಟು 9 ಲಕ್ಷ. ಸರಾಸರಿ ಲಾಭಾಂಶ ಶೇ 18 ಆದರೆ 9 ಲಕ್ಷ ಹುಟ್ಟಲು 50 ಲಕ್ಷದ ಮಾರಾಟ ಬೇಕು. ಅಲ್ಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮಾರಾಟ ಶೇ 10 ಇಳಿದು 45 ಲಕ್ಷವಾದರೆ ಕೈಗೆ ಬರುವುದು 8.1 ಲಕ್ಷ. ತಿಂಗಳಿಗೆ 90,000 ನಷ್ಟ. ಹತ್ತರಲ್ಲಿ ಒಂಬತ್ತು ಗಿರಾಕಿಗಳು ಇನ್ನೂ ಬರುತ್ತಲೇ ಇದ್ದಾರೆ, ಹೊರಗಿನಿಂದ ನೋಡಿದವರಿಗೆ ಅಂಗಡಿ ತುಂಬಿಯೇ ಕಾಣುತ್ತದೆ.

ರೇಟ್ ಇಳಿಸಿದ್ರೆ ಜನ ವಾಪಸ್ ಬರಲ್ವಾ?

ಅದೇ ಅಂಗಡಿಯಲ್ಲಿ 100 ರೂಪಾಯಿಗೆ ಮಾರುವ ಸರಕಿನ ಅಸಲು 82. ಮೂರು ರೂಪಾಯಿ ಇಳಿಸಿದರೆ ಉಳಿಯುವುದು 18ರ ಬದಲು 15. ಮೊದಲಿನಷ್ಟೇ ಹಣ ಹುಟ್ಟಬೇಕಾದರೆ ಶೇ 20 ಹೆಚ್ಚು ಸರಕು ಮಾರಬೇಕು. ಶೇ 3ರ ಇಳಿಕೆಗೆ ಶೇ 20 ಹೊಸ ಗಿರಾಕಿಗಳು ಸಾಮಾನ್ಯವಾಗಿ ಬರುವುದಿಲ್ಲ.

ಒಮ್ಮೆ ಡಿಸ್ಕೌಂಟಿನ ಚಟ ಹತ್ತಿಸಿದರೆ ಬಿಡಿಸುವುದೂ ಕಷ್ಟ. ಜೆಸಿಪೆನ್ನಿ ಎಂಬ ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರ್ 2012ರಲ್ಲಿ ಕೂಪನ್, ಸೇಲ್ ಎಲ್ಲ ತೆಗೆದು ದಿನವೂ ಒಂದೇ ಕಡಿಮೆ ದರ ಎಂದಿತು. ಒಂದೇ ವರ್ಷದಲ್ಲಿ ಮಾರಾಟ ಶೇ 25ರಷ್ಟು ಕುಸಿಯಿತು. ದರ ಪ್ರಾಮಾಣಿಕವಾಗಿಯೇ ಇತ್ತು. ಆದರೆ ಗಿರಾಕಿಯ ಕಣ್ಣು ಹುಡುಕುತ್ತಿದ್ದದ್ದು ಹಳೆ ಬೆಲೆ ಹೊಡೆದುಹಾಕಿದ ಚೀಟಿಯನ್ನು.

ವರ್ಷಗಟ್ಟಲೆ ನಡೆದ ಅಂಗಡಿ ಒಂದೇ ತಿಂಗಳಲ್ಲಿ ಖಾಲಿ ಆಗೋದು ಹೇಗೆ?

ಸರಬರಾಜುದಾರರ ಉದ್ರಿ ನಿಂತಾಗ. ಮೇಲಿನ ಮಳಿಗೆ 50 ಲಕ್ಷ ಮಾರಾಟಕ್ಕೆ ತಿಂಗಳಿಗೆ 41 ಲಕ್ಷದ ಸರಕು ತರುತ್ತದೆ. ಕಪಾಟು, ಗೋದಾಮು ಸೇರಿ 60 ದಿನದ ಸರಕಿದ್ದರೆ ಅದರ ಬೆಲೆ 82 ಲಕ್ಷ. 45 ದಿನದ ಉದ್ರಿ ಸಿಗುತ್ತಿದ್ದರೆ 61.5 ಲಕ್ಷ ಸರಬರಾಜುದಾರರದೇ ಹಣ, ಅಂಗಡಿಯವನದು 20.5 ಲಕ್ಷ ಮಾತ್ರ. ‘ಕಂಪನಿ ಅಲ್ಲಾಡ್ತಿದೆ’ ಎಂಬ ಮಾತು ಹಬ್ಬಿ ಎಲ್ಲರೂ ನಗದು ಕೇಳಿದರೆ ಆ 61.5 ಲಕ್ಷವನ್ನು ಅಂಗಡಿಯವನು ಎಲ್ಲಿಂದಲೋ ತರಬೇಕು. ತರಲಾಗದಿದ್ದರೆ ಮಾರಿಹೋದ ಸರಕಿನ ಜಾಗಕ್ಕೆ ಹೊಸದು ಬರುವುದಿಲ್ಲ. ಸಾವಿರಾರು ಅಂಗಡಿಗಳ ಚೈನ್‌ನಲ್ಲೂ ನಡೆಯುವುದು ಇದೇ, ಸೊನ್ನೆಗಳು ಹೆಚ್ಚು ಅಷ್ಟೇ.

## ಕೊಡಗಿನ ಸಂಗತಿ

ನಮ್ಮಲ್ಲಿ ಚೈನ್ ಅಂಗಡಿಗಳು ಮೈಸೂರಿನ ಹಾಗೆ ಯಾಕೆ ಓಡಲ್ಲ?

ಜನಸಂಖ್ಯೆ ಮೊದಲ ಕಾರಣ. 2011ರ ಗಣತಿಯಲ್ಲಿ ಇಡೀ ಜಿಲ್ಲೆಯದು 5.54 ಲಕ್ಷ, ಚದರ ಕಿಲೋಮೀಟರಿಗೆ ಸುಮಾರು 135 ಜನ. ರೈಲಿಲ್ಲ, ಎಲ್ಲ ಸರಕೂ ಲಾರಿಯಲ್ಲೇ ಬರಬೇಕು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದಾಗ ಮಂಗಳೂರು ಕಡೆಯ ಸರಬರಾಜು ನಿಂತೇಹೋಯಿತು.

ಹಣ ಓಡಾಡುವ ಕಾಲ ಬೇರೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಬೆಳೆಗಾರರ ಕೈಗೆ ದುಡ್ಡು ಬರುವುದು ಅರೇಬಿಕಾ, ರೊಬಸ್ಟಾ ಕೊಯ್ಲು ಮುಗಿದು ಕಾಳುಮೆಣಸೂ ಮಾರಿದ ಮೇಲೆ, ಅಂದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ ಬಿಗುವಿನ ಕಾಲ, ಜಡಿಮಳೆಯ ಕಕ್ಕಡ ತಿಂಗಳಲ್ಲಂತೂ ಪೇಟೆಗೆ ಬರುವವರೇ ಕಡಿಮೆ. ಊರಿನ ದಿನಸಿ ಅಂಗಡಿ ಪುಸ್ತಕದಲ್ಲಿ ಬರೆದುಕೊಂಡು ಕೊಯ್ಲಿನ ನಂತರ ವಸೂಲಿ ಮಾಡುತ್ತದೆ. ಚೈನ್‌ನ ಬಿಲ್ಲಿಂಗ್ ಯಂತ್ರಕ್ಕೆ ಆ ಪುಸ್ತಕ ಇಲ್ಲ. ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರು ಬಟವಾಡೆ ಆದಮೇಲೆ ಸಂತೆಗೆ ಹೋಗುತ್ತಾರೆ: ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ತರಕಾರಿ, ಒಣಮೀನು, ಅಗ್ಗದ ಬಟ್ಟೆ, ಪ್ಲಾಸ್ಟಿಕ್ ಕೊಡ ಎಲ್ಲ ಅಲ್ಲೇ. ಡಿಸ್ಕೌಂಟ್ ಸ್ಟೋರಿನ ಸಹಜ ಗಿರಾಕಿಯನ್ನು ಸಂತೆ ಮೊದಲೇ ಹಿಡಿದಿಟ್ಟುಕೊಂಡಿದೆ. ಇನ್ನು ನಿವೃತ್ತ ಸೈನಿಕರ ಮನೆಗಳಿಗೆ ಸೈನಿಕ ಕ್ಯಾಂಟೀನ್ ಇದೆ. ಜಿಎಸ್‌ಟಿಯಲ್ಲೇ ಅರ್ಧ ರಿಯಾಯಿತಿ ಇರುವ ಅಲ್ಲಿನ ದರಕ್ಕೆ ಯಾವ ಚೈನೂ ಇಳಿಯಲಾರದು.

ಕೊನೆಯದು ಮಳೆ. ಬೆಂಗಳೂರಿನಲ್ಲಿ ಕುಳಿತು ಬರೆದ ಕಪಾಟಿನ ನಕ್ಷೆಯಂತೆ ಜುಲೈಯಲ್ಲಿ ಚರ್ಮದ ಚಪ್ಪಲಿ, ಬೆಲ್ಟು ಇಟ್ಟರೆ ಎರಡು ವಾರದಲ್ಲಿ ಬೂಷ್ಟು. ಸೋಪಿನ ಪುಡಿ ಗಟ್ಟಿಯಾಗುತ್ತದೆ, ಉಪ್ಪು ನೀರೊಡೆಯುತ್ತದೆ, ಬೆಂಕಿಪೊಟ್ಟಣ ಗೀರಿದರೆ ಮದ್ದು ಕಿತ್ತುಬರುತ್ತದೆ. ನಮಗೆ ಆಗ ಬೇಕಾದದ್ದು ಗಂಬೂಟು, ಪ್ಲಾಸ್ಟಿಕ್ ಹಾಳೆ, ಕಂಬಳಿ, ದೊಡ್ಡ ಕೊಡೆ, ಅದೂ ಮೇ ಮೂರನೇ ವಾರದಲ್ಲೇ. ಜೂನ್ ಕೊನೆಯಲ್ಲಿ ಬಂದ ಗಂಬೂಟು ಮುಂದಿನ ವರ್ಷದವರೆಗೆ ಗೋದಾಮಿನಲ್ಲಿ ಕೂರುತ್ತದೆ.

ಚೈನ್ ಅಂಗಡಿ ಮುಚ್ಚುತ್ತೆ ಅಂತ ಮುಂಚೆಯೇ ಗೊತ್ತಾಗುತ್ತಾ?

ಗೊತ್ತಾಗುತ್ತದೆ, ಕಪಾಟು ನೋಡಿದರೆ. ಮೊದಲು ಕಾಣೆಯಾಗುವುದು ಅತಿ ಬೇಗ ಖಾಲಿಯಾಗುವ ದೊಡ್ಡ ಕಂಪನಿಗಳ ಸರಕು: ಹಲ್ಲುಪುಡಿ, ಅಡುಗೆ ಎಣ್ಣೆ, ಬೇಬಿ ಪೌಡರ್. ಆ ಕಂಪನಿಗಳ ವಿತರಕರೇ ಮೊದಲು ಉದ್ರಿ ನಿಲ್ಲಿಸುವವರು. ಖಾಲಿ ಜಾಗ ಮುಚ್ಚಲು ಅಂಗಡಿಯ ಸ್ವಂತ ಬ್ರ್ಯಾಂಡಿನ ಒಂದೇ ಸರಕನ್ನು ನಾಲ್ಕು ಸಾಲು ಹರಡುತ್ತಾರೆ. ಮುಂದಿನ ಪ್ಯಾಕೆಟ್ ಸರಿಸಿ ನೋಡಿ. ಹಿಂದೆ ಏನೂ ಇಲ್ಲದಿದ್ದರೆ, ಒಂದು ವಾರ ಬಿಟ್ಟು ಬಂದಾಗಲೂ ಇಲ್ಲದಿದ್ದರೆ, ಹಣದ ತೊಂದರೆಯಿದೆ. ಫ್ರೀಜರ್‌ಗಳಲ್ಲಿ ಒಂದನ್ನು ಬಟ್ಟೆ ಹೊದಿಸಿ ಆರಿಸುವುದು, ನಾಲ್ಕು ಬಿಲ್ಲಿಂಗ್ ಕೌಂಟರುಗಳಲ್ಲಿ ಒಂದೇ ತೆರೆದಿರುವುದು, ಗಿಫ್ಟ್ ವೋಚರುಗಳಿಗೆ ಇದ್ದಕ್ಕಿದ್ದಂತೆ ಭಾರೀ ರಿಯಾಯಿತಿ ಕೊಡುವುದು ಆಮೇಲಿನ ಗುರುತುಗಳು. ಕೊನೆಯದು ಕಂಡರೆ ವೋಚರ್ ಕೊಳ್ಳಬೇಡಿ.

## ಗ್ರಾಹಕರಿಗೆ

ನನ್ನ ಹತ್ರ ಗಿಫ್ಟ್ ವೋಚರ್, ಪಾಯಿಂಟ್ಸ್ ಇವೆ. ಅಂಗಡಿ ಮುಚ್ಚಿದ್ರೆ?

ಒಂದೇ ಕಂಪನಿಯ ಅಂಗಡಿಗಳಲ್ಲಷ್ಟೇ ನಡೆಯುವ ವೋಚರ್‌ಗೆ ರಿಸರ್ವ್ ಬ್ಯಾಂಕಿನ ಪರವಾನಗಿ ಬೇಕಿಲ್ಲ, ಹಾಗಾಗಿ ಅದರ ರಕ್ಷಣೆಯೂ ಇಲ್ಲ. ಸಂದೇಹ ಬಂದ ದಿನವೇ ಹೋಗಿ ಬಳಸಿಬಿಡಿ. ಅಂಗಡಿ ನಡೆಯುತ್ತಿದ್ದೂ ವೋಚರ್ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಗಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುತ್ತದೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ಅಲ್ಲಿ ತಗೊಂಡ ಫ್ರಿಜ್, ಮಿಕ್ಸರ್ ವಾರಂಟಿ ಹೋಗುತ್ತಾ?

ತಯಾರಕ ಕಂಪನಿಯ ವಾರಂಟಿ ಉಳಿಯುತ್ತದೆ. ಅಂಗಡಿಯೇ ಹಣ ತೆಗೆದುಕೊಂಡು ಕೊಟ್ಟ ‘ಹೆಚ್ಚುವರಿ ವಾರಂಟಿ’ಗೆ ಭರವಸೆಯಿಲ್ಲ, ಅದರ ಹಿಂದೆ ವಿಮಾ ಕಂಪನಿಯ ಹೆಸರಿದೆಯೇ ನೋಡಿ. ಬಿಲ್ಲಿನ ವಿಷಯದಲ್ಲಿ ಎಚ್ಚರ: ನುಣುಪು ಕಾಗದದ ಬಿಲ್ಲಿನ ಅಕ್ಷರ ಶಾಖ, ತೇವ, ಪ್ಲಾಸ್ಟಿಕ್ ಕವರಿನ ಸಹವಾಸದಲ್ಲಿ ಮಾಸಿಹೋಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಚೀಟಿಯಷ್ಟೇ ಉಳಿಯಬಹುದು. ತಂದ ದಿನವೇ ಜೆರಾಕ್ಸ್ ಮಾಡಿಸಿ ಅಥವಾ ಫೋಟೊ ತೆಗೆದಿಡಿ.

ಕ್ಲೋಸಿಂಗ್ ಸೇಲ್‌ನಲ್ಲಿ ತಗೊಳ್ಳಬಹುದಾ?

ಸ್ಟೀಲ್ ಪಾತ್ರೆ, ಹತ್ತಿ ಬಟ್ಟೆ, ಬಕೆಟ್ ಧಾರಾಳವಾಗಿ. ತಿನ್ನುವ ಸಾಮಾನಿಗೆ ದಿನಾಂಕ ನೋಡಿ, ಫ್ರೀಜರ್ ಸರಕು ಬೇಡವೇ ಬೇಡ. ಮೊದಲ ವಾರದ ‘ಶೇ 30 ಕಡಿತ’ ಎಂಆರ್‌ಪಿ ಮೇಲಿನದ್ದು, ಅಂಗಡಿಯ ಹಿಂದಿನ ದರಕ್ಕಿಂತ ಹೆಚ್ಚೇನೂ ಕಡಿಮೆ ಇರುವುದಿಲ್ಲ. ವಾಪಸಾತಿ ಇಲ್ಲ ಎಂಬುದನ್ನೂ ನೆನಪಿಡಿ.

## ಸರಕು ಕೊಟ್ಟವರು, ಕಟ್ಟಡ ಕೊಟ್ಟವರು, ಕೆಲಸದವರು

ನಾವು ಜೇನು, ಕಾಫಿ ಪುಡಿ ಚೈನ್ ಅಂಗಡಿಗೆ ಕೊಡ್ತೀವಿ. ದುಡ್ಡು ತಡ ಆಗ್ತಿದೆ, ಏನು ಮಾಡಬೇಕು?

ಸರಕು ಕಳಿಸುವ ಮುಂಚೆಯೇ ತಯಾರಕರಾಗಿ ಉದ್ಯಮ್ ನೋಂದಣಿ (ಕೇಂದ್ರ ಸರ್ಕಾರದ ಸಣ್ಣ ಉದ್ಯಮಗಳ ನೋಂದಣಿ) ಮಾಡಿಸಿರಬೇಕು, ಬಿಲ್ಲಿನ ಮೇಲೆ ಆ ಸಂಖ್ಯೆ ಇರಬೇಕು. ನೀವು ಕಿರು ಅಥವಾ ಸಣ್ಣ ಉದ್ಯಮವಾದರೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಹಣ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರನ್ನು ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಬಹುದು. ಇನ್ನೊಬ್ಬರ ಸರಕು ಕೊಂಡು ಮಾರುವ ವ್ಯಾಪಾರಿಗೆ ಈ ವಿಳಂಬದ ರಕ್ಷಣೆ ಸಿಗುವುದಿಲ್ಲ. ಸಣ್ಣವರಿಗೆ ಕೊಡಬೇಕಾದ ಬಾಕಿಯನ್ನು ಈ ಅವಧಿಯೊಳಗೆ, ಕೊನೆಗೆ ಮಾರ್ಚ್ 31ರೊಳಗಾದರೂ ಕೊಡದಿದ್ದರೆ 2023-24ರಿಂದ ಖರೀದಿದಾರನಿಗೆ ಆ ವರ್ಷದ ಆದಾಯ ತೆರಿಗೆಯಲ್ಲಿ ಆ ಖರ್ಚು ತೋರಿಸಲಾಗದು. ಮಾರ್ಚ್‌ ಮೊದಲ ವಾರದಲ್ಲಿ ಇದನ್ನು ನೆನಪಿಸಿ ಒಂದು ಪತ್ರ ಬರೆಯಿರಿ, ಕೆಲಸ ಮಾಡುತ್ತದೆ.

ಒಬ್ಬರೇ ಖರೀದಿದಾರರ ಬಾಕಿ ನಿಮ್ಮ ಒಂದು ತಿಂಗಳ ಉತ್ಪಾದನೆಯನ್ನು ಮೀರದಂತೆ ಮಿತಿ ಹಾಕಿಕೊಳ್ಳಿ. ಹಣ ಬರದಿದ್ದರೂ ಬಿಲ್ಲಿನ ಜಿಎಸ್‌ಟಿ ನೀವು ಕಟ್ಟಲೇಬೇಕು, ಮುಳುಗಿದ ಬಾಕಿಗೆ ಅದು ವಾಪಸ್ ಬರುವುದಿಲ್ಲ. ‘ಮಾರಾಟವಾದರೆ ಹಣ, ಇಲ್ಲದಿದ್ದರೆ ವಾಪಸ್’ ಎಂದು ಕೊಡುವುದಾದರೆ ಸರಕು ನಿಮ್ಮದೇ ಎಂದು ಚಲನ್‌ನಲ್ಲಿ ಬರೆಸಿ, ಬ್ಯಾಚ್ ಸಂಖ್ಯೆ ನಮೂದಿಸಿ, ಅಂಗಡಿಯವರ ಸಹಿ ಪಡೆಯಿರಿ. ಅಂಗಡಿ ದಿವಾಳಿಯಾದರೆ ಆ ಬಾಟಲಿಗಳು ನಿಮ್ಮವು ಎಂದು ಸಾಧಿಸಲು ಉಳಿಯುವ ಆಧಾರ ಅದೊಂದೇ.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿದೆ. ನಮ್ಮ ಬಾಕಿ ಸಿಗುತ್ತಾ?

ಅರ್ಜಿ ಹಾಕದಿದ್ದರೆ ಖಂಡಿತ ಇಲ್ಲ. ಪತ್ರಿಕೆಯಲ್ಲೂ ದಿವಾಳಿ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಮಂಡಳಿ ಐಬಿಬಿಐಯ ಜಾಲತಾಣದಲ್ಲೂ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ಕೊನೆಯ ದಿನದೊಳಗೆ ಫಾರ್ಮ್ ಬಿ ತುಂಬಿ, ಬಿಲ್ಲು, ಸರಕು ತಲುಪಿದ ಚಲನ್, ಬ್ಯಾಂಕ್ ವಿವರ ಲಗತ್ತಿಸಿ ಪ್ರಕಟಣೆಯಲ್ಲಿ ಹೆಸರಿಸಿದ, ದಿವಾಳಿ ಪ್ರಕ್ರಿಯೆ ನಡೆಸುವ ವೃತ್ತಿಪರರಿಗೆ ಕಳಿಸಬೇಕು. ಪ್ರಕ್ರಿಯೆ ನಡೆಯುವಾಗ ಬೇರೆ ದಾವೆ, ವಸೂಲಿ ಎಲ್ಲ ಸ್ಥಗಿತ. ಕಂಪನಿಯನ್ನು ನೀವೇ ದಿವಾಳಿಗೆ ಎಳೆಯುವ ದಾರಿ 1 ಕೋಟಿಗಿಂತ ಕಡಿಮೆ ಬಾಕಿಗೆ ತೆರೆದಿಲ್ಲ. ಆಸ್ತಿ ಮಾರಿ ಹಂಚುವಾಗ ಪ್ರಕ್ರಿಯೆಯ ವೆಚ್ಚ, ಬ್ಯಾಂಕುಗಳು, ಕಾರ್ಮಿಕರು, ಸರ್ಕಾರ ಆದಮೇಲೆ ಸರಬರಾಜುದಾರರ ಸರದಿ. ಕೈಗೆ ಬರುವುದು ಬಹಳ ಕಡಿಮೆ, ಹಲವು ಸಲ ಏನೂ ಇಲ್ಲ. ಅದಕ್ಕೇ ಮೇಲೆ ಹೇಳಿದ ಒಂದು ತಿಂಗಳ ಮಿತಿ.

ಚೈನ್‌ನವರು ಹೇಳಿದ ಹಾಗೆ ಕಟ್ಟಡ ಕಟ್ಟಿಸಿ ಕೊಡೋಣ ಅಂತಿದ್ದೇವೆ. ಏನು ನೋಡಬೇಕು?

ಕಂಬಗಳಿಲ್ಲದ ಒಂದೇ ದೊಡ್ಡ ಹಜಾರ ಅವರಿಗೆ ಬೇಕು. ಅವರು ಹೋದ ಮೇಲೆ ನಮ್ಮ ಪೇಟೆಯಲ್ಲಿ ಅಷ್ಟು ಜಾಗ ಕೇಳುವವರು ಯಾರು ಎಂದು ಮೊದಲೇ ಯೋಚಿಸಿ. ಆಮೇಲೆ ಐದಾರು ಮಳಿಗೆಗಳಾಗಿ ಒಡೆಯಲು ಬರುವಂತೆ ಬಾಗಿಲು, ಮೀಟರು, ಶೌಚಾಲಯದ ಪೈಪುಗಳನ್ನು ಈಗಲೇ ಬಿಟ್ಟುಕೊಳ್ಳಿ. ಒಂದು ವರ್ಷ ಮೀರುವ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅವರು ಜಾಗ ಬಿಡುವಂತಿಲ್ಲ ಎಂಬ ಅವಧಿ ನಿಮ್ಮ ಕಟ್ಟಡ ಸಾಲದ ಅವಧಿಯ ಅರ್ಧದಷ್ಟಾದರೂ ಇರಲಿ, ಮುಂಗಡ ಕನಿಷ್ಠ ಆರು ತಿಂಗಳದ್ದು. ಸಹಿ ಹಾಕುವ ಕಂಪನಿ ಮೂಲ ಕಂಪನಿಯೋ ಹೆಸರಿಗಷ್ಟೇ ಇರುವ ಅಂಗಸಂಸ್ಥೆಯೋ ನೋಡಿ. ನಿಮ್ಮ ಒಪ್ಪಿಗೆಯಿಲ್ಲದೆ ಒಳಬಾಡಿಗೆ ಕೊಡಬಾರದೆಂದೂ ಬರೆಸಿ. ದಿವಾಳಿ ಪ್ರಕ್ರಿಯೆ ಶುರುವಾದರೆ ಅದು ಮುಗಿಯುವವರೆಗೆ ಅವರನ್ನು ಬಿಡಿಸಲು ಕಾನೂನು ಬಿಡುವುದಿಲ್ಲ. ಹಾಗಾಗಿ ಎರಡು ತಿಂಗಳ ಬಾಡಿಗೆ ತಪ್ಪಿದಾಗಲೇ ನೋಟಿಸ್ ಕೊಡಿ.

ನಾನು ಅಲ್ಲಿ ಕೌಂಟರ್‌ನಲ್ಲಿ ಕೆಲಸ ಮಾಡ್ತೀನಿ. ಈಗಲೇ ಏನು ಮಾಡ್ಕೋಬೇಕು?

ಪಿಎಫ್ ಪಾಸ್‌ಬುಕ್ ತೆರೆದು ಪ್ರತಿ ತಿಂಗಳು ಹಣ ಜಮೆಯಾಗಿದೆಯೇ ನೋಡಿ. ಸಂಬಳದಲ್ಲಿ ಕಡಿದು ಅಲ್ಲಿ ಕಟ್ಟದಿರುವುದು ಕಂಪನಿ ಕಷ್ಟದಲ್ಲಿದೆ ಎಂಬುದಕ್ಕೆ ಗಟ್ಟಿ ಗುರುತು. ನೇಮಕಾತಿ ಪತ್ರ, ಸಂಬಳ ಚೀಟಿ, ಹಾಜರಿಯ ಫೋಟೊ ಮನೆಯಲ್ಲಿರಲಿ, ಅಂಗಡಿಯ ಕಂಪ್ಯೂಟರಿನಲ್ಲಲ್ಲ. ದಿವಾಳಿಯಾದರೆ ಫಾರ್ಮ್ ಡಿ ಹಾಕಬೇಕು. ಆಸ್ತಿ ಮಾರಾಟಕ್ಕೆ ಹೋದಾಗ ಕಾರ್ಮಿಕರ ಕೊನೆಯ 24 ತಿಂಗಳ ಬಾಕಿಗೆ ಭದ್ರತೆ ಇರುವ ಬ್ಯಾಂಕುಗಳ ಸಾಲಿನಲ್ಲೇ ಸ್ಥಾನವಿದೆ, ಇತರ ನೌಕರರಿಗೆ 12 ತಿಂಗಳದ್ದು ಅದರ ನಂತರ. ಪಿಎಫ್ ಹಣ ಸಾಲ ಕೊಟ್ಟವರಿಗೆ ಹಂಚುವ ರಾಶಿಗೆ ಸೇರುವುದಿಲ್ಲ.

ಪಕ್ಕದ ಚೈನ್ ಅಂಗಡಿ ಮುಚ್ಚಿತು. ಅವರ ಗಿರಾಕಿಗಳನ್ನ ಹಿಡಿಯೋಕೆ ನಮ್ಮ ಅಂಗಡಿ ದೊಡ್ಡದು ಮಾಡೋಣ್ವಾ?

ಕೂಡಲೇ ಬೇಡ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಪುಸ್ತಕ ಇಟ್ಟು, ಮೂರು ತಿಂಗಳು ಗಿರಾಕಿ ಕೇಳಿ ಇಲ್ಲವೆನ್ನಬೇಕಾದ ಪ್ರತಿ ಸಾಮಾನನ್ನೂ ದಿನಾಂಕದೊಂದಿಗೆ ಬರೆಯಿರಿ. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು ಕೇಳಿದ್ದನ್ನು ಮಾತ್ರ ತರಿಸಿ, ಮೊದಲು ಅರ್ಧ ಪೆಟ್ಟಿಗೆ. 60 ದಿನವಾದರೂ ಕದಲದ ಸರಕನ್ನು ಅಸಲಿಗೇ ಮಾರಿ ಜಾಗ ಬಿಡಿಸಿ. ಉದ್ರಿ ಪುಸ್ತಕ ನಿಮ್ಮ ದೊಡ್ಡ ಬಲ, ಆದರೆ ಒಟ್ಟು ಉದ್ರಿ ಒಂದು ತಿಂಗಳ ಮಾರಾಟ ದಾಟಿದರೆ ಅದೇ ನಿಮ್ಮನ್ನು ಮುಳುಗಿಸುತ್ತದೆ. ಕೊಯ್ಲಿನ ಲೆಕ್ಕದವರಿಗೆ ಮಾರ್ಚ್ ಕೊನೆ ಗಡುವು, ಬಟವಾಡೆ ಲೆಕ್ಕದವರಿಗೆ ವಾರದ ಗಡುವು ಎಂದು ಬೇರೆ ಬೇರೆ ಪುಟ ಮಾಡಿ.

ಮುಚ್ಚಿದ ಅಂಗಡಿಯ ಕಪಾಟುಗಳು ಅಗ್ಗಕ್ಕೆ ಸಿಕ್ಕರೆ ತೆಗೆದುಕೊಳ್ಳಿ, ಕಬ್ಬಿಣದ ಕಾಲುಗಳ ಕೆಳಗಿನ ತುಕ್ಕು ಮಾತ್ರ ನೋಡಿ. ಹಳೆಯ ಫ್ರೀಜರ್ ಕೊಳ್ಳುವ ಮುಂಚೆ ಇಡೀ ರಾತ್ರಿ ಓಡಿಸಿ, ಒಳಗೆ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಮೈನಸ್ 18 ಡಿಗ್ರಿ ಇದೆಯೇ ನೋಡಿ. ಬಾಗಿಲಿನ ರಬ್ಬರ್ ಪಟ್ಟಿಯ ನಡುವೆ ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ, ಅದರ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ.